ಬಚ್ಚಲು ತೊಳೆದ ಚರಿತ್ರೆ

ಚರಿತ್ರೆಯೆಂದರೆ ಅರಮನೆಯ ಚಾವಡಿಯಲ್ಲಿ ನಡೆದುದರ ವೃತ್ತಾಂತ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಬಾದಾಮಿಯ ಹೆಸರೆತ್ತಿದೊಡನೆ ಪುಲಕೇಶಿ ನೆನಪಾಗುತ್ತಾನೆ. ಹುನಗುಂದವೆಂದರೆ ಐಹೊಳೆಯ ಗುಡಿಗಳು, ಕೂಡಲಸಂಗಮದ ಹೊಳೆ, ಇಳಕಲ್ಲೆಂದರೆ ಸೀರೆ, ಬಾಗಲಕೋಟೆಯೆಂದರೆ ಮುಳುಗಡೆ. ಈ ನಾಲ್ಕು ಊರುಗಳ ಸೀಮೆಯಲ್ಲಿ ಸಾವಿರಾರು ವರ್ಷಗಳಿಂದ ಜನ ಬದುಕಿದ್ದಾರೆ. ಬದುಕಿದವರೆಲ್ಲ ಮೈ ತೊಳೆದಿದ್ದಾರೆ. ಮೈ ತೊಳೆದ ಸ್ಥಳವನ್ನು ಮತ್ತೆ ಯಾರೋ ತೊಳೆದಿದ್ದಾರೆ. ಆ ‘ಯಾರೋ’ ಎಂಬವರ ಕಥೆಯನ್ನು, ಅವರ ಕೈಯಲ್ಲಿದ್ದ ಬೂದಿ, ಹುಣಸೆ, ಸುಣ್ಣ, ಅಂಟವಾಳಗಳ ಕಥೆಯನ್ನು ಈ ಹೊತ್ತು ನಿಮ್ಮ ಮುಂದಿಡಬೇಕೆಂದಿದ್ದೇನೆ. ವಿಷಯವನ್ನು ಕೇಳಿ ಯಾರೂ ಮೂಗು ಮುರಿಯಬೇಕಾಗಿಲ್ಲ. ಮೂಗು ಮುರಿಯುವಂಥ ಸ್ಥಿತಿ ಬಚ್ಚಲಿಗೆ ಬಾರದಂತೆ ನೋಡಿಕೊಂಡವರ ಕಥೆಯೇ ಇದು.

ಮೊದಲು ಮಾತಿನಿಂದಲೇ ತೊಡಗೋಣ. ‘ಬಚ್ಚಲು’ ಅಚ್ಚಗನ್ನಡದ ಮಾತು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು ಅದಕ್ಕೆ ಎರಡು ಅರ್ಥಗಳನ್ನು ಕೊಡುತ್ತದೆ: ಹೊಲಸು ನೀರು ಹರಿಯುವ ಮೋರಿ ಎಂಬುದು ಒಂದು, ಮೀಯುವ ಸ್ಥಳ ಎಂಬುದು ಇನ್ನೊಂದು. ಶುಚಿಯಾಗುವ ಜಾಗವೂ ಅದೇ, ಕೊಳೆ ಹೋಗುವ ದಾರಿಯೂ ಅದೇ. ನಿಂದೆಯ ಮಾತನ್ನೇ ಆಡುವವನನ್ನು ‘ಬಚ್ಚಲುಬಾಯಿ’ ಎಂದು ಜರೆಯುವಾಗ ನಮ್ಮ ಮನಸ್ಸಿನಲ್ಲಿರುವುದು ಮೊದಲನೆಯ ಅರ್ಥ. ದೀಪಾವಳಿಯ ಹಿಂದಿನ ಸಂಜೆ ಅದೇ ಬಚ್ಚಲಿಗೆ ಸುಣ್ಣದ ಗೆರೆಯೆಳೆದು ಕುಂಕುಮವಿಡುವಾಗ ಮನಸ್ಸಿನಲ್ಲಿರುವುದು ಎರಡನೆಯದು. ಈ ಎರಡು ಅರ್ಥಗಳ ನಡುವೆ ನಿತ್ಯವೂ ದುಡಿದು, ಮೊದಲನೆಯದನ್ನು ಎರಡನೆಯದನ್ನಾಗಿ ಮಾಡಿದ್ದು ಒಂದು ಹಿಡಿ ಬೂದಿ ಮತ್ತು ಒಂದು ಜೊತೆ ಕೈ.

ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಮಜ್ಜನದ ವರ್ಣನೆಗೆ ಕೊರತೆಯಿಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ ರಾಜನ ಭೋಗಗಳಲ್ಲಿ ಸ್ನಾನವನ್ನೂ ಒಂದಾಗಿ ಎಣಿಸಿ, ತೈಲವೇನು, ಮೈಗೆ ಪೂಸುವ ಪರಿಮಳದ ಹಿಟ್ಟೇನು ಎಂಬುದನ್ನು ವಿವರಿಸುತ್ತದೆ. ಅದಕ್ಕೂ ನೂರು ವರ್ಷ ಮೊದಲು, 1025ರ ಸುಮಾರಿಗೆ, ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ ಹೆಸರಿಗೆ ತಕ್ಕಂತೆ ಲೋಕಕ್ಕೆ ಬೇಕಾದ ಹಲವು ವಿಷಯಗಳನ್ನು ಕೂಡಿಟ್ಟಿದೆ. ಅಡುಗೆ, ನೀರಿನ ಸೆಲೆ ಹುಡುಕುವುದು, ಗಿಡಮರಗಳ ಆರೈಕೆ, ಸುಗಂಧದ್ರವ್ಯಗಳ ಪಾಕ, ಎಲ್ಲಕ್ಕೂ ಅಲ್ಲಿ ಸ್ಥಾನವುಂಟು. ರಾಜ ಮಿಂದುಹೋದ ಮೇಲೆ ಎಣ್ಣೆ ಮೆತ್ತಿದ ಕಲ್ಲನ್ನು ಉಜ್ಜಿದವರು ಯಾರು, ಏನು ಹಾಕಿ ಉಜ್ಜಿದರು ಎಂಬ ಮಾತಿಗೆ ಮಾತ್ರ ನಮ್ಮ ಗ್ರಂಥಪರಂಪರೆ ಬಾಯಿ ಬಿಡುವುದು ವಿರಳ. ನಿತ್ಯದ ಕೆಲಸ ನಿತ್ಯವಾಗಿರುವುದರಿಂದಲೇ ಬರಹಕ್ಕೆ ಹೊರಗಾಗುತ್ತದೆ.

ಗ್ರಂಥ ಹೇಳದ್ದನ್ನು ಕಲ್ಲು ಕೊಂಚ ಹೇಳುತ್ತದೆ. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಗುಡಿಗಳನ್ನು ನೋಡಲು ಹೋದವರು ಶಿಖರವನ್ನೂ ಶಿಲ್ಪವನ್ನೂ ನೋಡಿ ಬರುತ್ತಾರೆ. ಗರ್ಭಗುಡಿಯಿಂದ ಅಭಿಷೇಕದ ನೀರನ್ನು ಹೊರಗೆ ಸಾಗಿಸುವ ಪ್ರಣಾಳವನ್ನು ಗಮನಿಸುವವರು ಕಡಿಮೆ. ನಮ್ಮ ಸೀಮೆಯಲ್ಲಿ ಇಂದಿಗೂ ಕಣ್ಣಿಗೆ ಕಾಣುವ ಅತಿ ಹಳೆಯ ಬಚ್ಚಲು ಅದೇ, ದೇವರ ಬಚ್ಚಲು. ಹಾಲು, ತುಪ್ಪ, ಎಣ್ಣೆ ಎಲ್ಲವೂ ಸುರಿಯುವ ಆ ನೆಲಕ್ಕೆ ಇಳಿಜಾರು ಎಷ್ಟಿರಬೇಕು, ನೀರು ಗೋಡೆಗೆ ತಾಗದೆ ದೂರ ಬೀಳಲು ನಾಳ ಎಷ್ಟು ಮುಂಚಾಚಬೇಕು ಎಂಬುದನ್ನು ಚಾಲುಕ್ಯರ ಶಿಲ್ಪಿಗಳು ಲೆಕ್ಕಹಾಕಿದ್ದರು. ಶುಚಿತ್ವದ ಅರ್ಧಭಾಗ ಇಳಿಜಾರಿನಲ್ಲಿದೆ. ನಿಂತ ನೀರಿನಲ್ಲಿ ಪಾಚಿ ಕಟ್ಟುತ್ತದೆ. ಹರಿದುಹೋದ ನೀರು ಉಜ್ಜುವವಳ ಶ್ರಮವನ್ನು ಅಷ್ಟರಮಟ್ಟಿಗೆ ಉಳಿಸುತ್ತದೆ.

ತೊಳೆಯುವ ಕೈಗೆ ಗೌರವ ಬಂದದ್ದು ಹನ್ನೆರಡನೆಯ ಶತಮಾನದಲ್ಲಿ. ಹುನಗುಂದ ಸೀಮೆಯ ಕೂಡಲಸಂಗಮ ಬಸವಣ್ಣನವರ ಅಧ್ಯಯನಕ್ಕೂ ಐಕ್ಯಕ್ಕೂ ಸಾಕ್ಷಿಯಾದ ಸ್ಥಳ. ಅವರ ಸುತ್ತ ನೆರೆದವರಲ್ಲಿ ದೇವರ ಹಿಪ್ಪರಗಿಯ ಮಡಿವಾಳ ಮಾಚಿದೇವ ಬಟ್ಟೆ ಒಗೆಯುವವನು. ಸತ್ಯಕ್ಕ ಅಂಗಳ ಗುಡಿಸುವ ಕಾಯಕದವಳೆಂದು ಪರಂಪರೆ ಹೇಳುತ್ತದೆ. ಕೊಳೆ ತೆಗೆಯುವವರು ಕೀಳೆಂದು ಲೋಕ ತೀರ್ಮಾನಿಸಿದ್ದ ಕಾಲದಲ್ಲಿ, ಕೊಳೆ ತೆಗೆಯುವ ಕೆಲಸವೇ ಪೂಜೆಯೆಂದು ಅವರು ಬದುಕಿ ತೋರಿದರು. ಇನ್ನೊಂದು ಸಂಗತಿಯನ್ನೂ ನೆನೆಯಬಹುದು. ಹಣೆಗೆ ಹಚ್ಚಿದರೆ ವಿಭೂತಿ, ಬಚ್ಚಲಿಗೆ ಎರಚಿದರೆ ಬೂದಿ. ಎರಡೂ ಹುಟ್ಟುವುದು ಬೆಂಕಿ ಮತ್ತು ಸೆಗಣಿಯಿಂದಲೇ. ಹಣೆಯ ಬೂದಿಯ ಮೇಲೆ ನಮ್ಮಲ್ಲಿ ದೊಡ್ಡ ಸಾಹಿತ್ಯವಿದೆ. ಬಚ್ಚಲಿನ ಬೂದಿಗೆ ಒಂದು ಟಿಪ್ಪಣಿಯೂ ಇಲ್ಲ.

ಆ ಬೂದಿ ಬರುತ್ತಿದ್ದುದು ಎಲ್ಲಿಂದ? ನಮ್ಮ ಕಡೆಯ ಹಳೆಯ ಮನೆಯ ರಚನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಅಡುಗೆಮನೆಯ ಹಿಂದೆ ಬಚ್ಚಲಮನೆ, ಅದರ ಹಿಂದೆ ಹಿತ್ತಲು. ಬಚ್ಚಲಿನ ಒಂದು ಮೂಲೆಯಲ್ಲಿ ಒಲೆ, ಒಲೆಯ ಮೇಲೆ ತಾಮ್ರದ ಹಂಡೆ. ಒಲೆಗೆ ಉರುವಲು ಹೊಲದಿಂದ ಬಂದ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕೊಟ್ಟಿಗೆಯಿಂದ ಬಂದ ಕುಳ್ಳು. ನೀರು ಕಾಯುವಷ್ಟರಲ್ಲಿ ಒಲೆಯಲ್ಲಿ ಬೂದಿ ಸಿದ್ಧವಾಗಿರುತ್ತಿತ್ತು. ಮನೆಯವರೆಲ್ಲ ಮಿಂದ ಮೇಲೆ ಆ ಬೂದಿಯನ್ನೇ ಹಾಸುಗಲ್ಲಿನ ಮೇಲೆ ಎರಚಿ, ತೆಂಗಿನ ನಾರಿನಿಂದಲೋ ಸವೆದ ಬಾರಿಗೆಯ ಬುಡದಿಂದಲೋ ತಿಕ್ಕಿ, ಹಂಡೆಯ ತಳದಲ್ಲಿ ಉಳಿದ ಬಿಸಿನೀರು ಸುರಿದರೆ ಕೆಲಸ ಮುಗಿಯಿತು. ಬೂದಿ ಕದಡಿದ ನೀರು ಹರಿನಾಳಿಯಿಂದ ಹಿತ್ತಲಿಗೆ ಇಳಿದು ಬಾಳೆಯ ಬುಡಕ್ಕೋ ಕರಿಬೇವಿನ ಬುಡಕ್ಕೋ ಸೇರುತ್ತಿತ್ತು. ಹೊಲದ ಕಟ್ಟಿಗೆ ನೀರು ಕಾಯಿಸಿತು, ಕಟ್ಟಿಗೆಯ ಬೂದಿ ನೆಲ ತೊಳೆಯಿತು, ನೆಲ ತೊಳೆದ ನೀರು ಗಿಡ ಬೆಳೆಸಿತು. ಇದರಲ್ಲಿ ಕೊಂಡುತಂದದ್ದು ಯಾವುದೂ ಇಲ್ಲ; ಎಸೆದದ್ದೂ ಯಾವುದೂ ಇಲ್ಲ.

ಇದು ಬರಿಯ ರೂಢಿಯೋ, ಇದರಲ್ಲಿ ತಿರುಳಿದೆಯೋ? ತಿರುಳಿದೆ. ಗಿಡದ ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವುಂಟು. ಬಿಸಿನೀರಿನಲ್ಲಿ ಅದು ಕರಗಿ ಎಣ್ಣೆಯ ಜಿಡ್ಡನ್ನು ಸಡಿಲಿಸುತ್ತದೆ. ಯೂರೋಪಿನಲ್ಲಿಯೂ ಹೆಂಗಸರು ಬೂದಿಯ ತಿಳಿನೀರನ್ನು ಮಡಕೆಯಲ್ಲಿ ಬತ್ತಿಸಿ ಕ್ಷಾರ ಪಡೆಯುತ್ತಿದ್ದರು; ‘ಮಡಕೆಯ ಬೂದಿ’ ಎಂಬ ಅರ್ಥದ ‘ಪೊಟ್ಯಾಶ್’ ಎಂಬ ಹೆಸರು ಅದಕ್ಕೆ ಬಂದದ್ದು ಹಾಗೆ. 1807ರಲ್ಲಿ ಹಂಫ್ರಿ ಡೇವಿ ಎಂಬ ಆಂಗ್ಲ ವಿಜ್ಞಾನಿ ಅದರ ಮೂಲಕ ವಿದ್ಯುತ್ತನ್ನು ಹಾಯಿಸಿ ಹೊಸ ಲೋಹವೊಂದನ್ನು ಬೇರ್ಪಡಿಸಿದಾಗ, ಆ ಲೋಹಕ್ಕೂ ಪೊಟ್ಯಾಸಿಯಂ ಎಂದು ಬೂದಿಯ ಹೆಸರನ್ನೇ ಇಟ್ಟ. ಮೂಲವಸ್ತುಗಳ ಪಟ್ಟಿಯಲ್ಲಿ ಒಲೆಯ ಬೂದಿಗೂ ಒಂದು ಪೀಠ ದೊರೆಯಿತು. ಬಾಳೆ ಸೊಂಪಾಗಿ ಬೆಳೆಯಲು ಬೇಕಾದ ಆಹಾರಗಳಲ್ಲಿಯೂ ಪೊಟ್ಯಾಸಿಯಂ ಮುಖ್ಯವಾದುದು. ಕುಳ್ಳಿನ ಬೂದಿಯ ಗುಣ ಬೇರೆ. ಅದರಲ್ಲಿ ಮರಳಿನ ಜಾತಿಯ ಸಿಲಿಕಾ ಹೆಚ್ಚು. ಆದ್ದರಿಂದ ತಿಕ್ಕುವುದಕ್ಕೆ ಅದು ಲೇಸು. ಜಿಡ್ಡಿಗೆ ಕಟ್ಟಿಗೆಯ ಬೂದಿ, ಕರೆಗೆ ಕುಳ್ಳಿನ ಬೂದಿ ಎಂಬ ವಿವೇಕಕ್ಕೆ ರಸಾಯನಶಾಸ್ತ್ರವೂ ತಲೆದೂಗುತ್ತದೆ.

ಬೂದಿಯಿಂದ ಹೋಗದ ಕೊಳೆಯೂ ಉಂಟು. ನಮ್ಮ ಬಯಲುಸೀಮೆಯ ಬಾವಿಯ ನೀರು ಗಡಸು. ಕಾದಾಗ ಅದು ಹಂಡೆಯ ಒಳಗೆ ಬಿಳಿಯ ಹೆಕ್ಕಳೆ ಕಟ್ಟುತ್ತದೆ. ಒಣಗಿದಾಗ ಕಲ್ಲಿನ ಮೇಲೆ ಬಿಳಿಯ ಕಲೆ ಬಿಡುತ್ತದೆ. ಅದು ಸುಣ್ಣದ ಜಾತಿಯದು. ಕ್ಷಾರಕ್ಕೆ ಅದು ಜಗ್ಗುವುದಿಲ್ಲ, ಹುಳಿಗೆ ಜಗ್ಗುತ್ತದೆ. ಹುಣಸೆಯ ಹುಳಿಯಲ್ಲಿರುವ ಟಾರ್ಟಾರಿಕ್ ಆಮ್ಲವನ್ನು ಸ್ವೀಡನ್ ದೇಶದ ಔಷಧಕಾರ ಶೀಲೆ 1769ರಲ್ಲಿ ದ್ರಾಕ್ಷಾಮದ್ಯದ ಪೀಪಾಯಿಯ ಗಷ್ಟಿನಿಂದ ಬೇರ್ಪಡಿಸಿದ. ನಮ್ಮಲ್ಲಿ ಅದು ಊರ ಹೊರಗಿನ ಹುಣಸೆಯ ತೋಪಿನಲ್ಲಿ ತೂಗಾಡುತ್ತಿತ್ತು. ಸಾರಿಗೆ ಹಿಂಡಿ ಉಳಿದ ಹುಣಸೆಯ ಚರಟವನ್ನು ಹೆಂಗಸರು ಎಸೆಯದೆ ಒಂದು ಗಡಿಗೆಯಲ್ಲಿ ಕೂಡಿಡುತ್ತಿದ್ದರು. ಅದಕ್ಕೆ ಚಿಟಿಕೆ ಉಪ್ಪು ಬೆರೆಸಿ ತಿಕ್ಕಿದರೆ ಮಸಿ ಹಿಡಿದ ತಾಮ್ರ ಉದಯದ ಸೂರ್ಯನಂತಾಗುತ್ತದೆ.

ಇಲ್ಲಿ ನಾಲ್ಕು ಊರುಗಳ ಕಲ್ಲಿನ ಮಾತು ಬರುತ್ತದೆ, ಮತ್ತು ಅದು ಈ ಭಾಷಣದ ಮುಖ್ಯ ಮಾತುಗಳಲ್ಲಿ ಒಂದು. ಬಾದಾಮಿಯ ಬೆಟ್ಟ ಕೆಂಪು ಮರಳುಗಲ್ಲಿನದು. ಇಳಕಲ್ಲು, ಹುನಗುಂದಗಳ ಸುತ್ತ ಗ್ರಾನೈಟ್. ಇಳಕಲ್ಲಿನ ಕೆಂಪು ಗ್ರಾನೈಟ್ ಇಂದು ದೇಶಾಂತರಗಳಿಗೂ ಹೋಗುತ್ತದೆ. ಬಾಗಲಕೋಟೆ, ಕಲಾದಗಿ, ಲೋಕಾಪುರಗಳ ಕಡೆ ಸುಣ್ಣಕಲ್ಲು. ಬಾಗಲಕೋಟೆಗೆ ಸಿಮೆಂಟಿನ ಕಾರ್ಖಾನೆ ಬಂದದ್ದು ಆ ಕಲ್ಲಿನಿಂದಲೇ. ಐವತ್ತು ಅರವತ್ತು ಕಿಲೋಮೀಟರುಗಳ ಅಳತೆಯೊಳಗೆ ಮೂರು ಕಲ್ಲು, ಮೂರು ಸ್ವಭಾವ. ಗ್ರಾನೈಟು ಗಟ್ಟಿ ಜೀವ. ಬೂದಿಯನ್ನೂ ಹುಣಸೆಯನ್ನೂ ಒಂದೇ ಸಮನಾಗಿ ತಾಳುತ್ತದೆ. ಮರಳುಗಲ್ಲು ಹುಳಿಗೆ ಹೆದರುವುದಿಲ್ಲ. ಆದರೆ ಅದರ ಮೈಯಲ್ಲಿ ಸಣ್ಣ ರಂಧ್ರಗಳಿರುವುದರಿಂದ ಎಣ್ಣೆಯನ್ನು ಹೀರಿಕೊಂಡು ಕಪ್ಪಾಗುತ್ತದೆ. ಅದಕ್ಕೆ ಬಿಸಿನೀರು ಬೂದಿ ಬೇಕು, ಅದೂ ಆಯಾ ದಿನವೇ. ಸುಣ್ಣಕಲ್ಲಿಗೆ ಹುಳಿಯೇ ಶತ್ರು. ನಿಂಬೆಯ ರಸ ಬಿದ್ದಲ್ಲಿ ಅದು ನೊರೆಯುಕ್ಕಿಸಿ ಕರಗುತ್ತದೆ, ಹೊಳಪು ಹೋಗಿ ಮೈ ತರಿಯಾಗುತ್ತದೆ. ತರಿಯಾದ ಮೈಗೆ ಕೊಳೆ ಇನ್ನಷ್ಟು ಬೇಗ ಹಿಡಿಯುತ್ತದೆ. ಶಹಾಬಾದಿನಿಂದ ಬಂದು ನಮ್ಮ ಎಷ್ಟೋ ಬಚ್ಚಲುಗಳಲ್ಲಿ ಹಾಸಿಕೊಂಡಿರುವ ಪರಸಿಯೂ ಸುಣ್ಣಕಲ್ಲೇ. “ಹುಣಸಿ ಹಂಡೇಕ್ಕ ಹಚ್ಚವ್ವಾ, ಕಲ್ಲಿಗೆ ಹಚ್ಚಬ್ಯಾಡ” ಎಂದು ನಮ್ಮ ಮನೆಯಲ್ಲಿ ಅಜ್ಜಿ ಸೊಸೆಯಂದಿರಿಗೆ ಹೇಳುತ್ತಿದ್ದುದನ್ನು ನಾನು ಬಾಲ್ಯದಲ್ಲಿ ಕೇಳಿದ್ದೇನೆ. ಆಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆ ಮಾತಿನಲ್ಲಿ ಭೂವಿಜ್ಞಾನವೂ ರಸಾಯನವೂ ಕೂಡಿದ್ದವೆಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ.

ಸುಣ್ಣಕಲ್ಲು ಇನ್ನೊಂದು ರೂಪದಲ್ಲಿ ಬಚ್ಚಲಿಗೆ ಉಪಕಾರಿಯಾಯಿತು. ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಶಾಖಕ್ಕೆ ಸುಟ್ಟರೆ ಅದು ಸುಟ್ಟ ಸುಣ್ಣವಾಗುತ್ತದೆ. ನೀರೆರೆದರೆ ಕುದಿದು ಅರಳುತ್ತದೆ. ಆ ಸುಣ್ಣದ ತೀವ್ರ ಕ್ಷಾರದಲ್ಲಿ ರೋಗಾಣುಗಳು ಬದುಕುವುದು ಕಷ್ಟ. ಗೋಡೆಗೆ ಬಳಿದ ಸುಣ್ಣ ಗಾಳಿಯೊಡನೆ ಕೂಡಿ ಮೆಲ್ಲಮೆಲ್ಲನೆ ಮತ್ತೆ ಕಲ್ಲಾಗುತ್ತದೆ. ಮತ್ತೊಂದು ವರ್ಷ ಮತ್ತೊಂದು ಪದರ. ಮಹಾನವಮಿಗೆ ಮೊದಲು ಮನೆಗೆ ಸುಣ್ಣ ಬಳಿಯುವ ಪದ್ಧತಿಯಲ್ಲಿ ಬಚ್ಚಲಮನೆಗೂ ಪಾಲಿತ್ತು. ಮಳೆಗಾಲದ ಬೂಸಲು ಬೆಳೆದ ಗೋಡೆಗೆ ಅದೇ ಮದ್ದು.

ಮಹಾನವಮಿಯ ಬೆನ್ನಿಗೆ ಬರುವ ದೀಪಾವಳಿಯಲ್ಲಿ ನರಕಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಬಚ್ಚಲಿಗಾಗಿಯೇ ಒಂದು ಹಬ್ಬವನ್ನಿಟ್ಟುಕೊಂಡ ನಾಡು ನಮ್ಮದು ಎಂದರೆ ಉತ್ಪ್ರೇಕ್ಷೆಯಾಗದು. ಅಂದು ಹಂಡೆಯನ್ನು ಹುಣಸೆ ಹಚ್ಚಿ ಬೆಳಗುತ್ತಾರೆ, ಒಲೆಯನ್ನು ಸಾರಿಸುತ್ತಾರೆ, ಮೋರಿಯ ಬಾಯಿಯನ್ನೂ ಬಿಡದೆ ತಿಕ್ಕುತ್ತಾರೆ, ಹಂಡೆಯ ಕೊರಳಿಗೆ ಬಳ್ಳಿ ಸುತ್ತಿ, ಸುಣ್ಣ ಕೆಮ್ಮಣ್ಣಿನ ಗೆರೆಯೆಳೆದು, ಹೊಸ ನೀರು ತುಂಬಿ ಪೂಜಿಸುತ್ತಾರೆ. ಮರುದಿನ ನಸುಕಿನ ಎಣ್ಣೆಸ್ನಾನಕ್ಕೆ ಇದೆಲ್ಲ ಸಿದ್ಧತೆ. ಅರಮನೆಯ ಮಜ್ಜನವನ್ನು ಗ್ರಂಥ ವರ್ಣಿಸಿತು. ಮನೆಯ ಬಚ್ಚಲನ್ನು ಪಂಚಾಂಗ ನೆನಪಿಟ್ಟಿತು.

ಇಳಕಲ್ಲಿಗೆ ಬಂದರೆ ಇನ್ನೆರಡು ವಸ್ತುಗಳು ಎದುರಾಗುತ್ತವೆ. ಅಂಟವಾಳ ಒಂದು. ಅದರ ಸಿಪ್ಪೆಯಲ್ಲಿರುವ ಸಾಪೊನಿನ್ ಎಂಬ ಪದಾರ್ಥ ನೀರಿನಲ್ಲಿ ನೊರೆಯೆಬ್ಬಿಸಿ ಕೊಳೆಯನ್ನು ಮೃದುವಾಗಿ ಎತ್ತುತ್ತದೆ. ಇಳಕಲ್ಲಿನ ಸೀರೆಯ ರೇಷ್ಮೆಯ ಸೆರಗು, ಅಂಚುಗಳಿಗೆ ಕಟು ಕ್ಷಾರ ಸಲ್ಲದು. ಅಂಟವಾಳದ ನೊರೆ ಸಲ್ಲುತ್ತದೆ. ಸೀರೆ ಅದ್ದಿ ತೆಗೆದ ಮೇಲೆ ಉಳಿದ ನೊರೆನೀರನ್ನು ಬಚ್ಚಲಿಗೆ ಸುರಿದು ತಿಕ್ಕುವುದು ಗೃಹಿಣಿಯ ಉಳಿತಾಯ. ಇನ್ನೊಂದು ಸವಳು ಮಣ್ಣು. ಕರಿನೆಲದ ತಗ್ಗುಗಳಲ್ಲಿ ಬೇಸಗೆಯಲ್ಲಿ ಬೆಳ್ಳಗೆ ಹೊಮ್ಮುವ ಈ ಉಪ್ಪಿನ ಮಣ್ಣು ಒಕ್ಕಲಿಗನಿಗೆ ಶಾಪ, ಮಡಿವಾಳನಿಗೆ ವರ. ಇಂದು ಅಂಗಡಿಯಲ್ಲಿ ವಾಷಿಂಗ್ ಸೋಡಾ ಎಂದು ಮಾರುವ ಪದಾರ್ಥದ ಕುಲವೇ ಅದರಲ್ಲಿರುವ ಕ್ಷಾರ. ಅತಿ ನೀರಾವರಿಯಿಂದ ನಮ್ಮ ಜಿಲ್ಲೆಯಲ್ಲಿ ಸವಳು-ಜವಳು ಭೂಮಿ ಹೆಚ್ಚಿರುವುದು ಈಗಿನ ಚಿಂತೆ; ಅಗಸರ ಉಬ್ಬೆಗೆ ಆ ಮಣ್ಣು ಹೋಗುತ್ತಿದ್ದುದು ಅಂದಿನ ನೆನಪು.

ಇಲ್ಲಿಯವರೆಗೆ ಹೇಳಿದ್ದನ್ನು ಕೇಳಿ, ಹಿಂದಿನದೆಲ್ಲ ಚೆನ್ನ, ಇಂದಿನದೆಲ್ಲ ಕೆಡುಕು ಎಂಬ ತೀರ್ಮಾನಕ್ಕೆ ಯಾರೂ ಬರಬಾರದು. ಬೂದಿ ಬಿಟ್ಟು ಸೀಸೆ ಹಿಡಿಯಲು ನಮಗೆ ಕಾರಣವಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಒಂದೆರಡು ವರ್ಷಗಳಲ್ಲಿಯೇ ಹುಬ್ಬಳ್ಳಿ ಧಾರವಾಡಗಳನ್ನು ತಲಪಿತು. ಆಗ ನಮ್ಮ ಸೀಮೆಯೂ ಮುಂಬಯಿ ಪ್ರಾಂತದ ಭಾಗ. ಸರಕಾರ 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ತಂದಿತು. ರೋಗ ಬಂದ ಮನೆಗಳಿಗೆ ಸುಣ್ಣ ಬಳಿಸಿ ಕಾರ್ಬಾಲಿಕ್ ಆಮ್ಲ ಸಿಂಪಡಿಸುವುದು ಅಧಿಕಾರಿಗಳ ಕ್ರಮವಾಯಿತು. ಅದೇ ಆಮ್ಲದಿಂದ ಶಸ್ತ್ರಚಿಕಿತ್ಸೆಯ ಗಾಯಗಳನ್ನು ಕೀವಾಗದಂತೆ ಕಾಪಾಡಬಹುದೆಂದು ಜೋಸೆಫ್ ಲಿಸ್ಟರ್ 1867ರಲ್ಲಿ ಪ್ರಕಟಿಸಿದ್ದ. ಕಲ್ಲಿದ್ದಲಿನ ಡಾಂಬರಿನಿಂದ ಹುಟ್ಟಿದ ಆ ಕುಲದ ದ್ರವವೇ ಮುಂದೆ ಫಿನಾಯಿಲ್ ಎಂಬ ಹೆಸರಿನಲ್ಲಿ ಆಸ್ಪತ್ರೆಯಿಂದ ಪುರಸಭೆಗೆ, ಪುರಸಭೆಯಿಂದ ಮನೆಗೆ ಬಂದಿತು. ಶುಚಿಯೆಂದರೆ ಕಣ್ಣಿಗೆ ಕಾಣುವ ಹೊಳಪು ಎಂದಿದ್ದುದು, ಶುಚಿಯೆಂದರೆ ಮೂಗಿಗೆ ಬಡಿಯುವ ವಾಸನೆ ಎಂದಾಯಿತು.

ಹುಣಸೆಯ ಆಮ್ಲವನ್ನು ಬೇರ್ಪಡಿಸಿದ ಶೀಲೆಯೇ 1774ರಲ್ಲಿ ಕ್ಲೋರಿನ್ ಎಂಬ ಅನಿಲವನ್ನೂ ಕಂಡುಹಿಡಿದಿದ್ದ. ಅದನ್ನು ಸುಣ್ಣದಲ್ಲಿ ಹೀರಿಸಿ ಪುಡಿಮಾಡುವ ವಿಧಾನಕ್ಕೆ ಗ್ಲಾಸ್ಗೋದ ಚಾರ್ಲ್ಸ್ ಟೆನಂಟ್ 1799ರಲ್ಲಿ ಹಕ್ಕುಪತ್ರ ಪಡೆದ. ಅದೇ ಬ್ಲೀಚಿಂಗ್ ಪೌಡರ್. ಕಾಲರಾ ಬಂದ ಊರುಗಳಲ್ಲಿ ಬಾವಿಗೆ ಹಾಕಿದ ಈ ಪುಡಿ ಎಷ್ಟು ಜೀವಗಳನ್ನು ಉಳಿಸಿದೆಯೆಂಬುದಕ್ಕೆ ಲೆಕ್ಕವಿಲ್ಲ. ಅಂಟವಾಳದ ನೊರೆ ಕೊಳೆಯನ್ನು ಎತ್ತಬಲ್ಲುದು, ಕಾಲರಾದ ಬೀಜವನ್ನು ಕೊಲ್ಲಲಾರದು. ಮನೆಯಲ್ಲಿ ವಾಂತಿಭೇದಿಯ ರೋಗಿಯಿದ್ದಾಗ ಬಚ್ಚಲಿಗೆ ಹುಣಸೆ ಹಚ್ಚುತ್ತ ಕೂಡುವುದು ವಿವೇಕವಲ್ಲ. ಆಗ ಬ್ಲೀಚಿಂಗ್ ಪೌಡರೇ ಸರಿ.

ನಿಜವಾದ ತಿರುವು ಬಂದದ್ದು ಮುಳುಗಡೆಯೊಡನೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿಯ ಅಣೆಕಟ್ಟು 2006ರಲ್ಲಿ ರಾಷ್ಟ್ರಕ್ಕೆ ಸಮರ್ಪಿತವಾಯಿತು. ನೀರು 519.6 ಮೀಟರಿಗೆ ಏರುವ ಲೆಕ್ಕದಲ್ಲಿ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ತೆರವಾದವು. ಜನ ನವನಗರಕ್ಕೆ ಬಂದರು. ಮುಳುಗಡೆಯಲ್ಲಿ ಹೋದ ಗುಡಿಗಳಿಗಾಗಿ, ಅಂಗಡಿಸಾಲುಗಳಿಗಾಗಿ ಕಣ್ಣೀರು ಹಾಕಿದವರುಂಟು. ಹಂಡೆಯ ಒಲೆ ಮುಳುಗಿದ್ದಕ್ಕೆ ಯಾರೂ ಅಳಲಿಲ್ಲ; ಅಳಬೇಕಾಗಿಯೂ ಇರಲಿಲ್ಲ. ಹೊಗೆಯಲ್ಲಿ ಕಣ್ಣು ಕೆಂಪಗೆ ಮಾಡಿಕೊಂಡ ಹೆಣ್ಣುಮಕ್ಕಳಿಗೆ ಗುಂಡಿ ಒತ್ತಿದರೆ ಬರುವ ಬಿಸಿನೀರು ಬಿಡುಗಡೆಯೇ ಆಗಿತ್ತು. ಆದರೆ ಒಲೆಯೊಡನೆ ಬೂದಿ ಹೋಯಿತು, ಹಿತ್ತಲಿನೊಡನೆ ಬಾಳೆಯ ಬುಡ ಹೋಯಿತು. ಊರ ಹೊರಗಿನ ಬಯಲೋ ಹಿತ್ತಲಿನ ಮೂಲೆಯೋ ಆಗಿದ್ದ ಪಾಯಖಾನೆ ಮನೆಯೊಳಗೆ, ಬಚ್ಚಲಿನ ಪಕ್ಕಕ್ಕೇ ಬಂದು ಕೂತಿತು. ಕಲ್ಲಿನ ಬದಲಿಗೆ ಬಿಳಿಯ ಟೈಲ್ಸು. ಬಿಳುಪಿಗೆ ಒಂದು ಸ್ವಭಾವವಿದೆ: ಅದು ಏನನ್ನೂ ಮುಚ್ಚಿಕೊಳ್ಳುವುದಿಲ್ಲ. ಕೊಳವೆಬಾವಿಯ ಗಡಸು ನೀರಿನ ಕಲೆ ಆ ಬಿಳುಪಿನ ಮೇಲೆ ಹಳದಿಯಾಗಿ ಕೂತಾಗ ಜನ ಕಂಡುಕೊಂಡ ಮದ್ದು ಆ್ಯಸಿಡ್.

ಬಚ್ಚಲಿನ ಆ್ಯಸಿಡ್ ಎಂದರೆ ಹೈಡ್ರೋಕ್ಲೋರಿಕ್ ಆಮ್ಲ. ಅದು ಕಲೆಯನ್ನು ತೆಗೆಯುತ್ತದೆ, ಸಂದೇಹವಿಲ್ಲ. ಟೈಲಿನ ಗಾಜಿನಂಥ ಮೈಗೆ ಅದರಿಂದ ಬೇಗ ಹಾನಿಯಾಗದಿದ್ದರೂ ಟೈಲುಗಳ ಸಂದಿನ ಸಿಮೆಂಟನ್ನು ಅದು ತಿನ್ನುತ್ತದೆ. ಅಲ್ಲಿಂದ ನೀರು ಒಸರಿ ಕೆಳಗಿನ ಗೋಡೆ ತೇವಗೊಳ್ಳುತ್ತದೆ. ಉಜ್ಜುವವಳ ಕೈಯ ತೊಗಲನ್ನು ಸುಡುತ್ತದೆ, ಮುಚ್ಚಿದ ಕೋಣೆಯಲ್ಲಿ ಶ್ವಾಸಕ್ಕೆ ಹೊಗೆಯಾಗಿ ನುಗ್ಗುತ್ತದೆ. ಬ್ಲೀಚಿಂಗ್ ಪೌಡರಿನೊಡನೆ ಅದು ಕೂಡಿದರಂತೂ ಕ್ಲೋರಿನ್ ಅನಿಲವೇ ಹೊರಡುತ್ತದೆ. 1915ರಲ್ಲಿ, ಮೊದಲ ಮಹಾಯುದ್ಧದ ಕಂದಕಗಳಲ್ಲಿ, ಸೈನಿಕರನ್ನು ಕೊಂದ ಅನಿಲ ಅದು. ಬಚ್ಚಲು ಇನ್ನಷ್ಟು ಬೆಳ್ಳಗಾಗಲೆಂದು ಎರಡನ್ನೂ ಒಟ್ಟಿಗೆ ಸುರಿಯುವವರು ಇದನ್ನು ತಿಳಿದಿರಬೇಕು. ಆ್ಯಸಿಡ್ಡಿನ ಸೀಸೆ ಹೆಣ್ಣುಮಕ್ಕಳ ಮುಖದ ಮೇಲೆ ಎರಚುವ ಆಯುಧವೂ ಆದಾಗ, ಅದರ ಬಿಡಿ ಮಾರಾಟಕ್ಕೆ ಕಟ್ಟುಪಾಡು ಇರಬೇಕೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಆಜ್ಞೆ ಮಾಡಬೇಕಾಯಿತು. ಹುಣಸೆಯ ಚರಟವನ್ನು ಯಾರೂ ಯಾರ ಮೇಲೂ ಎಸೆದು ಬಾಳು ಕೆಡಿಸಿದ್ದಿಲ್ಲ.

ಈಗ ಗಾಳಿ ಮತ್ತೆ ಹಿಂದಕ್ಕೆ ಬೀಸುತ್ತಿದೆ. ನಿಂಬೆ, ಅಡುಗೆಸೋಡಾ, ವಿನೆಗರ್, ಬೇವು, ಅಂಟವಾಳ, ಮನೆಯಲ್ಲಿಯೇ ಮಾಡಿಕೊಂಡ ಶುದ್ಧಿಕಾರಕಗಳ ಮಾತು ಪೇಟೆಯ ಮನೆಗಳಲ್ಲಿ ಕೇಳುತ್ತಿದೆ. ‘ಹಿತ್ತಲ ಗಿಡ ಮದ್ದಲ್ಲ’ ಎನ್ನುತ್ತಿದ್ದ ನಾವು ಹಿತ್ತಲನ್ನು ಕಳೆದುಕೊಂಡ ಮೇಲೆ ಗಿಡವನ್ನು ಅಂಗಡಿಯಲ್ಲಿ ಹುಡುಕುತ್ತಿದ್ದೇವೆ. ಸಂತೋಷವೇ. ಆದರೆ ಹಳೆಯದನ್ನು ಹಿಡಿಯುವಾಗ ಅದರ ವಿವೇಕದೊಡನೆ ಹಿಡಿಯಬೇಕು. ವಿನೆಗರನ್ನೂ ಸೋಡಾವನ್ನೂ ಒಟ್ಟಿಗೆ ಬೆರೆಸಿ ನೊರೆಯುಕ್ಕುವುದನ್ನು ನೋಡಿ ಹಿಗ್ಗುವವರುಂಟು. ಆಮ್ಲ ಮತ್ತು ಕ್ಷಾರ ಒಂದನ್ನೊಂದು ಕೊಂದುಕೊಂಡ ಸದ್ದು ಅದು. ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು. ನಮ್ಮ ಹಿರಿಯರು ಬೂದಿಯನ್ನೂ ಹುಣಸೆಯನ್ನೂ ಬೇರೆಬೇರೆ ಹೊತ್ತಿನಲ್ಲಿ, ಬೇರೆಬೇರೆ ಕೊಳೆಗೆ ಬಳಸಿದರು. ಟೈಲಿನ ಬಚ್ಚಲಿಗೆ ಒಂದು ಹಿಡಿ ಅಂಟವಾಳದ ಸಿಪ್ಪೆಯನ್ನು ರಾತ್ರಿ ನೆನೆಯಿಟ್ಟು, ಬೆಳಗ್ಗೆ ಕುದಿಸಿ ಸೋಸಿದ ನೀರು ನಿತ್ಯಕ್ಕೆ ಸಾಕು; ಎರಡು ಮೂರು ದಿನ ಮೀರಿದರೆ ಅದು ಹಳಸುತ್ತದೆ. ನಲ್ಲಿಯ ಬುಡದ ಬಿಳಿಯ ಹೆಕ್ಕಳೆಗೆ ಹುಣಸೆಯನ್ನೋ ನಿಂಬೆಯ ಸಿಪ್ಪೆಯನ್ನೋ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಉಜ್ಜಬಹುದು. ನೆಲ ಪರಸಿಯದೋ ಅಮೃತಶಿಲೆಯದೋ ಆಗಿದ್ದರೆ ಆ ಹುಳಿ ನೆಲಕ್ಕೆ ಸೋಕಬಾರದು. ಬೂದಿ ಸಿಕ್ಕರೆ ಒರಟುಗಲ್ಲಿಗೆ ಬಳಸಿ. ನುಣುಪಿನ ಟೈಲಿಗೆ ಅದು ಗೀರು ಹಾಕೀತು. ಸಹಜವಾದದ್ದೆಲ್ಲ ನಿರಪಾಯವೆಂದೂ ಭ್ರಮಿಸಬಾರದು. ಸುಣ್ಣ ಕಣ್ಣಿಗೆ ಹಾರಿದರೆ ದೃಷ್ಟಿ ಹೋದೀತು. ಅಂಟವಾಳದ ನೀರು ಮೀನಿಗೆ ವಿಷ.

ಕೊನೆಯದಾಗಿ, ಇದುವರೆಗೆ ಅಂಚಿನಲ್ಲಿಯೇ ಸುಳಿದ ಮಾತನ್ನು ನಡುವಿಗೆ ತರಬೇಕು. ವಸ್ತು ಯಾವುದಾದರೇನು, ಉಜ್ಜಿದ ಕೈ ಯಾರದು? ಮನೆಯೊಳಗೆ ಅದು ಹೆಂಗಸಿನದು. ಮನೆಯ ಹೊರಗೆ, ಒಣ ಪಾಯಖಾನೆಗಳ ಕಾಲದಲ್ಲಿ, ಅದು ಊರು ದೂರವಿಟ್ಟ ಜಾತಿಯವರದು. 1970ರ ದಶಕದಲ್ಲಿ ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಅದೇ ಉದ್ದೇಶದ ಕೇಂದ್ರ ಕಾಯಿದೆ ಬರಲು 1993ನೆಯ ಇಸವಿಯಾಯಿತು, ಇನ್ನೂ ಬಿಗಿಯಾದ ಕಾಯಿದೆಗೆ 2013. ಸತ್ಯಕ್ಕನ ಕಾಯಕವನ್ನು ಎಂಟು ಶತಮಾನ ಕೊಂಡಾಡಿದ ನಾಡಿಗೆ ಒಬ್ಬ ಮನುಷ್ಯನ ತಲೆಯ ಮೇಲಿನ ಆ ಬುಟ್ಟಿಯನ್ನು ಇಳಿಸಲು ಅಷ್ಟು ಕಾಲ ಬೇಕಾಯಿತು. ಸಹಜದ್ರವ್ಯಗಳ ಮಾತನ್ನು ನಾವು ಇಂದು ಹೆಮ್ಮೆಯಿಂದ ಆಡುವಾಗ, ಅಂಟವಾಳ ಕುದಿಸಿ ಸೋಸುವ ಹೆಚ್ಚಿನ ಕೆಲಸ ಮತ್ತೆ ಮನೆಯಾಕೆಯ ತಲೆಗೋ ಮನೆಗೆಲಸದವಳ ತಲೆಗೋ ಬೀಳುವುದಾದರೆ, ನಾವು ಹಳೆಯ ಬೂದಿಯೊಡನೆ ಹಳೆಯ ಅನ್ಯಾಯವನ್ನೂ ಹೊತ್ತುತಂದಂತಾಗುತ್ತದೆ.

ಹಳೆಯ ಬಚ್ಚಲಿನಿಂದ ಕಲಿಯಬೇಕಾದದ್ದು ಎರಡು. ಕಲ್ಲಿನ ಗುಣವನ್ನೂ ಕೊಳೆಯ ಗುಣವನ್ನೂ ತಿಳಿದು, ಅದಕ್ಕೆ ತಕ್ಕ ವಸ್ತುವನ್ನು ತಕ್ಕಷ್ಟೇ ಬಳಸಬೇಕು. ತೊಳೆದ ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ಮರೆಯಬಾರದು. ಹಳೆಯ ಬಚ್ಚಲು ಕಲಿಸದೆ ಬಿಟ್ಟದ್ದು ಒಂದುಂಟು, ಅದನ್ನು ಶರಣರಿಂದ ಕಲಿಯಬೇಕು: ಮಿಂದವನೇ ಮಿಂದ ನೆಲವನ್ನು ತೊಳೆಯುವುದು. ನೀರು ತುಂಬುವ ಹಬ್ಬದ ಸಂಜೆ ಮನೆಯ ಗಂಡಸರೂ ಹುಡುಗರೂ ನಾರು ಹಿಡಿದು ಬಚ್ಚಲಿಗೆ ಇಳಿದರೆ ಹಬ್ಬಕ್ಕೆ ಏನೂ ಕುಂದಾಗದು. ಹಂಡೆಯಂತೂ ಬೇಗ ಬೆಳಗುತ್ತದೆ.